ಕೊಕ್ಕೆಯ ತಿರುಪು

ಚಿನ್ನುವಿನ ಸೊಂಟದ ಕೊಕ್ಕೆಯ ತಿರುಪು ಮತ್ತೆ ಸಡಿಲವಾಗಿತ್ತು. ಸೊಂಟದ ಪಟ್ಟಿಯನ್ನು ಹಗ್ಗಕ್ಕೆ ಹಿಡಿದಿಡುವುದು ಅದೊಂದೇ ಕೊಕ್ಕೆ. ತಿರುಪು ಬಿಗಿಯಾಗಿದ್ದರೆ ಎಷ್ಟು ಜಗ್ಗಿದರೂ ಬಾಯಿ ಬಿಡದು. ಸಡಿಲವಾಗಿದ್ದರೆ ಒಂದು ಬೆರಳು ಸಾಕು.

"ಇದು ಮೂರನೇ ಸಲರಿ ಮೇಡಂ," ಎಂದ ಮೈನುದ್ದೀನ. ಗಜೇಂದ್ರಗಡದ ಗುಡ್ಡದ ಬಂಡೆಗಳಿಂದ ಹಗ್ಗ ಹಿಡಿದು ಇಳಿಯುವುದನ್ನು ಹುಡುಗಿಯರಿಗೆ ಕಲಿಸುತ್ತಿದ್ದವನು ಅವನು. "ಮುಂಜಾನೆ ಎಲ್ಲಾರದೂ ನಾನ ಬಿಗಿ ಮಾಡೇನಿ. ಉಳಿದ ಇಪ್ಪತ್ಮೂರೂ ಬರೋಬ್ಬರಿ ಅದಾವ. ಇಕಿದೊಂದ ಹಿಂಗ್ಯಾಕ?"

ರಾಜೇಶ್ವರಿ ತಿರುಪನ್ನು ತಾನೇ ಮುಟ್ಟಿ ನೋಡಿದಳು. ಏಳು ದಿನಗಳ ಸಾಹಸ ಶಿಬಿರ. ಸುತ್ತಲಿನ ಕಾಲೇಜುಗಳಿಂದ ಬಂದ ಇಪ್ಪತ್ನಾಲ್ಕು ಗೈಡ್ ಹುಡುಗಿಯರು. ಅವರೆಲ್ಲರ ಹೊಣೆ ಹೊತ್ತ ನಾಯಕಿ ಅವಳು. ಅವರಲ್ಲೇ ಯಾರೋ ಒಬ್ಬಳು ಚಿನ್ನುವನ್ನು ಬೀಳಿಸಲು ನೋಡುತ್ತಿದ್ದಳು.

ಕಾರಣವೂ ಅವಳಿಗೆ ಹೊಳೆಯಿತು. ಚಿಕ್ಕನರಗುಂದದ ಚಿನ್ನು ಮೊದಲ ದಿನದಿಂದಲೂ ಎಲ್ಲರಿಗಿಂತ ಮುಂದೆ. ಬಂಡೆ ಎತ್ತರವಾದಷ್ಟೂ ಮೊದಲು ಕೈ ಎತ್ತುವವಳು. ಶಿಬಿರದ ಪದಕ ಅವಳಿಗೇ ಎಂದು ಡೇರೆಗಳಲ್ಲಿ ಮಾತು ನಡೆದಿತ್ತು. ಹೊಟ್ಟೆಕಿಚ್ಚಿಗೆ ಇನ್ನೇನು ಬೇಕು?

"ನಿನಗ ಹೆದರಿಕಿ ಆಗಂಗಿಲ್ಲೇನ?" ಎಂದು ಒಮ್ಮೆ ಕೇಳಿದ್ದಳು ರಾಜೇಶ್ವರಿ.

"ಇಲ್ಲೇನ್ ಹೆದರಿಕ್ರಿ ಮೇಡಂ," ಎಂದಿದ್ದಳು ಚಿನ್ನು.

ಮೂರನೆಯ ದಿನ ಅವಳಿಗೆ ಹದಿನೆಂಟು ತುಂಬಿತ್ತು. ಹುಡುಗಿಯರು ಅವಳ ಬಾಯಿಗೆ ಶೇಂಗಾದುಂಡಿ ತುರುಕಿ, ಸುತ್ತ ನಿಂತು ಚಪ್ಪಾಳೆ ತಟ್ಟಿ ಹಾಡಿದರು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ಅಕ್ಕರೆಯನ್ನು ಕಂಡವಳಲ್ಲವೇನೋ ಎಂದುಕೊಂಡು ರಾಜೇಶ್ವರಿ ಅವಳ ತಲೆ ನೇವರಿಸಿದ್ದಳು.

ಐದನೆಯ ದಿನ ರಾಜೇಶ್ವರಿ ಬಂಡೆಯ ಮರೆಯಲ್ಲಿ ನಿಂತು ಕಾದಳು. ಸರದಿಯಲ್ಲಿ ಚಿನ್ನುವಿನ ಹಿಂದೆ ಇದ್ದವಳು ರೋಣದ ಸಾನಿಯಾ. ಇಬ್ಬರದೂ ಒಂದೇ ಡೇರೆ. ಸಾನಿಯಾ ಅತ್ತಿತ್ತ ನೋಡಿದಳು. ಚಟ್ಟನೆ ಕೈ ಚಾಚಿ ಚಿನ್ನುವಿನ ತಿರುಪಿಗೆ ಬೆರಳು ಹಚ್ಚಿದಳು.

ರಾಜೇಶ್ವರಿ ಆ ಕೈಯನ್ನು ಹಿಡಿದುಕೊಂಡಳು.

"ನಾ ಬಿಚ್ಚಿಲ್ರಿ ಮೇಡಂ! ಬಿಗಿ ಮಾಡಾಕತ್ತಿದ್ನಿ."

"ಹಂಗಾರ ಬಿಚ್ಚಿದಾಕಿ ಯಾರು?"

ಸಾನಿಯಾ ಬಾಯಿ ತೆರೆದಳು. ಚಿನ್ನುವಿನ ಮುಖ ನೋಡಿ ಮುಚ್ಚಿದಳು. ಚಿನ್ನು ನೆಲ ನೋಡುತ್ತಿದ್ದಳು. ಪಾಪ, ಜೊತೆಗಾತಿಯ ಮೇಲೆ ದೂರು ಹೇಳಲು ಅವಳಿಗೆ ಮನಸ್ಸಿಲ್ಲ ಎಂದುಕೊಂಡಳು ರಾಜೇಶ್ವರಿ.

ರಾಜೇಶ್ವರಿ ಹೇಳಿ ಕಳಿಸಿದಂತೆ, ಮರುದಿನ ಮುಂಜಾನೆ ಸಾನಿಯಾಳನ್ನು ಮನೆಗೆ ಕರೆದೊಯ್ಯಲು ಅವಳ ತಾಯಿ ಖಾಜಾಬಿ ಬಂದಳು. "ನನ್ನ ಮಗಳು ಅಂಥಾಕಿ ಅಲ್ರಿ," ಎಂದಷ್ಟೇ ಹೇಳಿ ಮಗಳ ಚೀಲವನ್ನು ಹೆಗಲಿಗೇರಿಸಿದಳು. ರೋಣದ ಬಸ್ಸು ಹೊರಟಾಗ ಸಾನಿಯಾ ಕಿಟಕಿಯಿಂದ ಮುಖ ಹೊರಹಾಕಿದಳು.

"ಮೇಡಂ, ಚಿನ್ನುನ್ನ ಹಗ್ಗಕ್ಕ ಬಿಡಬ್ಯಾಡ್ರಿ. ಬಿಟ್ರ ಬೀಳ್ತಾಳ."

ಹೋಗುತ್ತಲೂ ಶಾಪ ಹಾಕಿ ಹೋದಳಲ್ಲ ಎಂದು ರಾಜೇಶ್ವರಿಯ ಮೈ ಉರಿಯಿತು.

ಏಳನೆಯ ದಿನ ಕೊನೆಯ ಇಳಿತ, ಎಲ್ಲಕ್ಕಿಂತ ದೊಡ್ಡ ಬಂಡೆ. ಚಿನ್ನುವಿನ ಕೊಕ್ಕೆಯನ್ನು ರಾಜೇಶ್ವರಿ ತಾನೇ ಬಿಗಿದಳು. ಮೈನುದ್ದೀನ ಇನ್ನೊಮ್ಮೆ ಜಗ್ಗಿ ನೋಡಿದ. ಚಿನ್ನು ಹಗುರಾಗಿ ಇಳಿದಳು. ನೆಲ ಇನ್ನು ಹನ್ನೆರಡು ಅಡಿ ಇದೆ ಎನ್ನುವಾಗ ಒಂದು ಚಾಚುಗಲ್ಲಿನ ಮೇಲೆ ನಿಂತಳು. ಮುಖ ಬಂಡೆಯ ಕಡೆಗೆ, ಕೈಗಳೆರಡೂ ಸೊಂಟದ ಹತ್ತಿರ. ದಣಿವಾರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡರು ಎಲ್ಲರೂ. ಮರುಕ್ಷಣ ಬರೀ ಹಗ್ಗ ಗಾಳಿಯಲ್ಲಿ ತೂಗುತ್ತಿತ್ತು.

ಸಾನಿಯಾ ಹೋಗಿ ಆಗಲೇ ಒಂದು ದಿನವಾಗಿತ್ತು.

ರೋಣದ ದವಾಖಾನೆಯಲ್ಲಿ ಚಿನ್ನುವಿನ ಬಲಗಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿದರು. ಎಲುಬು ಎರಡು ಕಡೆ ಮುರಿದಿತ್ತು.

"ಎಷ್ಟ್ ದಿನಾ ಏಳಾಕ ಬರಂಗಿಲ್ರಿ?" ಅವಳು ಡಾಕ್ಟರನ್ನು ಕೇಳಿದ ಮೊದಲ ಮಾತೇ ಅದು.

"ಕಮ್ಮಿ ಅಂದ್ರ ಎರಡು ತಿಂಗಳು. ಕಾಲು ನೆಲಕ್ಕ ಊರೂ ಹಂಗಿಲ್ಲ."

ನೋವಿನಿಂದ ಕಿವುಚಿದ್ದ ಮುಖ ಮೆಲ್ಲಗೆ ಸಡಿಲವಾಯಿತು. ಚಿನ್ನು ನಕ್ಕಳು. ಏಳು ದಿನದಲ್ಲಿ ರಾಜೇಶ್ವರಿ ಅವಳ ನಗು ಕಂಡದ್ದು ಅದೇ ಮೊದಲು. ರಾಜೇಶ್ವರಿ ಮಂಚದತ್ತ ಬಾಗಿದಳು.

"ನೀನ ಬಿಚ್ಚಿದೇನ, ಚಿನ್ನು?"

"ಸಾನಿಯಾಗ ಏನೂ ಅನಬ್ಯಾಡ್ರಿ ಮೇಡಂ. ನಾ ಬಿಚ್ಚಿದ್ದನ್ನ ದಿನಾ ಅಕಿನ ಬಿಗಿ ಮಾಡ್ತಿದ್ಲು. ಯಾರಿಗೂ ಹೇಳಬ್ಯಾಡಂತ ಆಣಿ ಹಾಕಿಸಿದ್ನಿ."

"ಯಾಕವ್ವಾ? ಸತ್ತಗಿತ್ತಿದ್ರ?"

"ಸಾಯಾಕಲ್ರಿ. ಕಾಲು ಮುರ್ಕೊಳ್ಳಾಕ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಚಿಕ್ಕನರಗುಂದದಿಂದ ಮೋಟಾರ್ ಸೈಕಲ್ಲಿನಲ್ಲಿ ಧಾವಿಸಿ ಬಂದ ಅವಳ ತಂದೆ ಅಂದಾನಪ್ಪ ಮೈತುಂಬ ಧೂಳಾಗಿ ನಿಂತಿದ್ದ. ಮಂಚದ ಅಂಚಿಗೆ ಕುಳಿತು ಮಗಳ ಹಣೆಯ ಮೇಲೆ ಅಂಗೈ ಇಟ್ಟ. ಅವನ ಕಣ್ಣು ತುಂಬಿತ್ತು.

"ಜೀವಕ್ಕೇನೂ ಧೋಕಾ ಇಲ್ಲಲ್ರಿ, ಡಾಕ್ಟರ್ ಸಾಹೇಬ್ರ?"

ಇಲ್ಲ ಎಂದರು ಡಾಕ್ಟರ್. ಅಂದಾನಪ್ಪ ನಿಟ್ಟುಸಿರು ಬಿಟ್ಟು ರಾಜೇಶ್ವರಿಗೆ ಕೈ ಮುಗಿದ.

"ನಿಮ್ಮ ತಪ್ಪೇನಿಲ್ರಿ ಮೇಡಂ. ಇದೊಂದು ಕ್ಯಾಂಪ್ ಕಳಿಸು, ಆಮ್ಯಾಲ ನೀ ಹೇಳಿದಂಗ ಕೇಳ್ತೀನಿ ಅಂದಿದ್ಲು. ಹದಿನೆಂಟು ತುಂಬ್ಲಿ, ಕಾನೂನು ಮೀರೂದು ಬ್ಯಾಡಂತ ನಾವೂ ದಾರಿ ಕಾದ್ವಿ. ಬರೋ ಸೋಮವಾರ ಮದುವಿ ಐತ್ರಿ."

"ಎರಡು ತಿಂಗಳು ಏಳಂಗಿಲ್ಲಂತಪ್ಪಾ," ಎಂದಳು ಚಿನ್ನು. "ಮುಂದ ಹಾಕ್ಬೇಕಾಕ್ಕತಿ."

"ಯಾಕ ಮುಂದ ಹಾಕೂದು, ಹುಚ್ಚವ್ವಾ?" ಅಂದಾನಪ್ಪ ಅಕ್ಕರೆಯಿಂದ ಅವಳ ಕೆನ್ನೆ ಒರೆಸಿದ. "ಕುರ್ಚಿ ಸಮೇತ ಎತ್ಕೊಂಡು ಹೋಗಿ ಮಂಟಪದಾಗ ಕುಂದ್ರಿಸ್ತೇವಿ. ತಾಳಿ ಕಟ್ಟಿಸ್ಕೊಳ್ಳಾಕ ಕಾಲು ಯಾಕ ಬೇಕು?"