ವಕೀಲರ ದನಿಯ ನೆಲ

ಹಡ್ಸನ್ ನದಿಯ ದಂಡೆಯಲ್ಲಿ ನೆಲ ಯಾರ ದನಿಯಲ್ಲಿ ಓಗೊಡುತ್ತದೋ ಅವರದೇ ಆಸ್ತಿ ಎಂಬುದು ತಾತನ ಕಾಲದ ಕಾನೂನು. ವರ್ಷದ ತಪಾಸಣೆಗೆ ಬಂದ ನ್ಯಾಯಾಧೀಶರು ಸಿರಿವಂತ ವಕೀಲ ಪ್ರೆಂಟಿಸರ ಗುಡ್ಡವೇರಿ, “ಓಹೋಯ್!” ಎಂದು ಕೂಗಿದರು.

“ಬೂಟುಗಾಲು ನೋಡ್ಕೊಂಡಿಡಿ ಬುದ್ದೀ, ಈಗ್ತಾನೆ ಬಿತ್ತಿದೀನಿ!” ಎಂದಿತು ಹೊಲ, ಥೇಟ್ ಗೇಣಿದಾರಳಾದ ಡೋರ್ಕಸಳ ದನಿಯಲ್ಲಿ. ಹುಲ್ಲುಗಾವಲೂ ಅವಳಂತೆಯೇ “ಬಾ, ಬಾ” ಎಂದು ಹಸುವನ್ನು ಕೂಗಿತು.

“ಅಯ್ಯೋ, ನಾನೇನೂ ಹೇಳ್ಕೊಟ್ಟಿಲ್ಲ ಬುದ್ದೀ!” ಎಂದಳು ಡೋರ್ಕಸ್.

ಗುಡ್ಡವೆಲ್ಲ ಅವಳ ಪಾಲಾಯಿತು. ಪ್ರೆಂಟಿಸರ ಮುಖ ಇಳಿದುಹೋಯಿತು. ಅಷ್ಟರಲ್ಲಿ ಸೇಬಿನ ಮರದಡಿಯ ನೆರಳಿನ ತುಂಡೊಂದು ಅವರದೇ ಗತ್ತಿನಲ್ಲಿ ಗೊರ್ರೆಂದು ಗೊರಕೆ ಹೊಡೆಯಿತು.

“ಇಷ್ಟು ನಿಮ್ಮದು, ವಕೀಲರೇ. ಮೇಲ್ಮನವಿ ಹಾಕ್ತೀರಾ?”

ಪ್ರೆಂಟಿಸರು ಆಗಲೇ ಕೋಟು ಮಡಚಿ ತಲೆದಿಂಬು ಮಾಡಿಕೊಂಡಿದ್ದರು.

“ಎದ್ದಮೇಲೆ ನೋಡೋಣ, ಸ್ವಾಮಿ.”