ಸೇವೆ ಮುಗಿದ ದಿನ

ಕಬ್ಬಿಣ ತನ್ನ ಕಥೆ ಹೇಳಿ ಮುಗಿಸುವವರೆಗೆ ಅದನ್ನು ಕರಗಿಸುವಂತಿಲ್ಲ ಎಂಬುದು ಕಾನೂನು. ಹಾಗಾಗಿ ಬೆಂಗ್ರೆಯ ಗುಜರಿಯಲ್ಲಿ ಜಲಜಕ್ಕ ದಿನವಿಡೀ ತುಕ್ಕಿಗೆ ಕಿವಿಗೊಟ್ಟು ಬರೆದುಕೊಳ್ಳುತ್ತಾಳೆ. ಇವತ್ತಿನದು ಯುದ್ಧಕಾಲದ ಜರ್ಮನ್ ಜಲಾಂತರ್ಗಾಮಿಯ ತುಂಡು. ಕೀಲ್ ಬಂದರಿನಲ್ಲಿ ನೀರಿಗಿಳಿದದ್ದು, ಮೂರು ಯಾನ, ಮುಳುಗಿಸಿದ ಎರಡು ಹಡಗು, ಎಲ್ಲವನ್ನೂ ಅದು ಗಡಗಡನೆ ಒಪ್ಪಿಸಿತು. ನಾಲ್ಕನೆಯ ಯಾನಕ್ಕೆ ಬಂದಾಗ, "ನೆತ್ತಿಯ ಮೇಲೆ ಶತ್ರುಗಳ ಹಡಗು ಬಂತು, ನಮ್ಮ ಸದ್ದಿಗೇ ಕಿವಿಗೊಟ್ಟಿದೆ" ಎಂದು ಬಾಯಿ ಮುಚ್ಚಿಕೊಂಡಿತು.

"ಆಯ್ತಾ ಅಕ್ಕ? ಕುಲುಮೆಗೆ ಹಾಕುದಾ?" ಎನ್ನುತ್ತ ಕುಲುಮೆ ಕೆಲಸದ ಹಮೀದ್ ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಬಿಸಾಡಿದ.

ಠಣ್ ಎಂದದ್ದೇ ತಡ, ತುಂಡಿನೊಳಗಿಂದ ನಲವತ್ತು ಗಂಡಸರು ಒಟ್ಟಿಗೇ "ಶ್..." ಎಂದರು. ಆಮೇಲೆ ಉಸಿರಿನ ಸದ್ದೂ ಇಲ್ಲ.

"ಮೆಲ್ಲ ಮಾರಾಯ," ಎಂದು ಪಿಸುಗುಟ್ಟಿದ ಜಲಜಕ್ಕ ಚಪ್ಪಲಿ ಕಳಚಿಟ್ಟಳು. ದಾಖಲೆ ಪುಸ್ತಕದ 'ಸೇವೆ ಮುಗಿದ ದಿನ' ಎಂಬ ಸಾಲಿನೆದುರು, ಪೆನ್ನಿನ ಸದ್ದೂ ಕೇಳದ ಹಾಗೆ, ಬರೆದಳು: ಇನ್ನೂ ಮುಗಿದಿಲ್ಲ.