ಬಿಳಿ ಎಕ್ಕದ ಕಾಯಿ

ಚೌತಿಗೆಂದು ಹೊಸೂರಿನ ಪೇಟೆಯಲ್ಲಿ ಎಕ್ಕದ ಹಾರ ಕೊಂಡಾಗ, ಬೆರಳಿಗೆ ಅಂಟುವ ಹಾಲಿನ ಕಮಟು ವಾಸನೆಗೆ ಈಗಲೂ ಉದ್ದನಪಲ್ಲಿಯ ನಮ್ಮ ಹೊಲದ ಬದು ಕಣ್ಣಿಗೆ ಕಟ್ಟುತ್ತದೆ.

ಆ ಬದುವಿನಲ್ಲಿ ಒಂದೇ ಒಂದು ಬಿಳಿ ಎಕ್ಕವಿತ್ತು. ಅದರ ಕಾಯಿ ಒಡೆದಾಗ ಸಿಗುವ ಹತ್ತಿಯಿಂದಲೇ ಅಜ್ಜಿ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಪಕ್ಕದ ನೇರಳೆ ಎಕ್ಕಗಳ ಸಹವಾಸದಿಂದ ಬಿಳಿಯದರ ಕುಲ ಕೆಡುತ್ತದೆಂದು ಒಂದು ವರ್ಷ ಅವನ್ನೆಲ್ಲ ಕಡಿಸಿದಳು. ಅದೇ ವರ್ಷ ನನ್ನ ಸೋದರತ್ತೆ ಬೇರೆ ಜಾತಿಯವನನ್ನು ಮದುವೆಯಾಗಿ ಹೋಗಿದ್ದಳು. ಮನೆಯಲ್ಲಿ ಯಾರೂ ಅವಳ ಹೆಸರೆತ್ತುವಂತಿರಲಿಲ್ಲ.

ಮರುವರ್ಷ ಒಂದು ಮಧ್ಯಾಹ್ನ ಹತ್ತಿ ತರಲು ಅಜ್ಜಿ, ಅಪ್ಪ, ನಾನು ಹೋದೆವು. ಮೇಣದಂಥ ಹೂಗಳು ಗೊಂಚಲು ಗೊಂಚಲಾಗಿ ಬಿಟ್ಟಿದ್ದವು. ದಪ್ಪನೆಯ ಕರಿ ದುಂಬಿಯೊಂದು ಹೂವಿನಿಂದ ಹೂವಿಗೆ ಗುಂಯ್‌ಗುಡುತ್ತಿತ್ತು. ಕಾಯಿ ಮಾತ್ರ ಒಂದೂ ಇರಲಿಲ್ಲ. ಬೂದಿ ಮೆತ್ತಿದಂಥ ಎಲೆಗಳನ್ನು ಅಜ್ಜಿ ಮಗುಚಿ ಮಗುಚಿ ಹುಡುಕಿದಳು.

"ಇಷ್ಟೊಂದು ಹೂ ಬಿಟ್ಟೈತೆ, ದುಂಬೀನೂ ಬತ್ತೈತೆ. ಯಾಕ್ಲಾ ಕಾಯಿ ಕಚ್ಚಿಲ್ಲ?"

ಅಪ್ಪ ನೆಲ ನೋಡುತ್ತ ಹೇಳಿದ: "ತನ್ ಹೂವಿನ ಪುಡಿ ತನಗಾಗಲ್ಲ ಕಣವ್ವ. ದುಂಬಿ ಪಕ್ಕದ ಗಿಡದಿಂದ ತರ್ಬೇಕು. ಪಕ್ಕದ್ದನ್ನೆಲ್ಲ ನೀನೇ ಕಡಿಸ್ಬುಟ್ಯಲ್ಲ."

ಕಡಿದ ನೇರಳೆ ಎಕ್ಕದ ಬೊಡ್ಡೆಯೊಂದು ಚಿಗುರಿತ್ತು. ಕುಡಿಯಲು ತಂದಿದ್ದ ಚೊಂಬಿನ ನೀರನ್ನು ಅಜ್ಜಿ ಅದರ ಬುಡಕ್ಕೆ ಸುರಿದಳು. ಆಮೇಲೆ ಅಪ್ಪನ ಮುಖ ನೋಡದೆ ಕೇಳಿದಳು:

"ನಿನ್ ತಂಗಿ ಮಗೂನ ನೋಡ್ಕೊಂಡ್ ಬಂದ್ಯಂತಲ್ಲ. ಯಾರಂಗೈತೆ?"